ಅಪ್ಪ ಹಿಡಿದ ಚಂದ್ರಾಮ

ನನ್ನ ಅಪ್ಪ ಆಕಾಶದಲ್ಲಿ ಒಂದು ಚಂದ್ರನನ್ನು ಹಿಡಿದ ಎಂದು ನಾನು ಎಂಟು ದಿನ ನಂಬಿದ್ದೆ. ನಂಬಿ ಸುಮ್ಮನಿರಲಿಲ್ಲ, ಚಾಳಿನ ತುಂಬ ಹೇಳಿಕೊಂಡು ತಿರುಗಿದ್ದೆ. ಅಪ್ಪ ಗೋವೆಯ ಸಾವರ್ಡೆಯಲ್ಲಿ ಅದಿರಿನ ಟ್ರಕ್ ಓಡಿಸುತ್ತಿದ್ದ. ಬಾಗಲಕೋಟೆ ಕಡೆಯಿಂದ ಬಂದ ನಮ್ಮಂಥ ಹತ್ತು ಹನ್ನೆರಡು ಮನೆಗಳು ಆ ಚಾಳಿನಲ್ಲಿದ್ದವು. ಗಂಡಸರಲ್ಲಿ ಅರ್ಧಕ್ಕರ್ಧ ಡ್ರೈವರ್‌ಗಳು, ಉಳಿದವರು ಗಣಿಯಲ್ಲೋ ಗೌಂಡಿ ಕೆಲಸದಲ್ಲೋ ಇದ್ದವರು. ಅದಿರು ಹಡಗು ಹಡಗಾಗಿ ಚೀನಾಕ್ಕೆ ಹೋಗುತ್ತಿದ್ದ ವರ್ಷಗಳು ಅವು. ಒಣಹಾಕಿದ ಬಟ್ಟೆಯ ಮೇಲೆ, ಕಿಟಕಿಯ ಸರಳಿನ ಮೇಲೆ, ಅವ್ವನ ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ, ಎಲ್ಲೆಲ್ಲೂ ಕೆಂಪು ಧೂಳು. ಅವ್ವ ದಿನಕ್ಕೆ ಮೂರು ಸಲ ಒರೆಸುತ್ತಿದ್ದಳು, ಮೂರು ಸಲವೂ ಬೈಯುತ್ತಿದ್ದಳು.

ನಾನು ಆಗ ಮಡಗಾಂವ್ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೆ. ಹುಡುಗಿಯನ್ನು ಇಷ್ಟು ಓದಿಸಿ ಏನು ಮಾಡುತ್ತೀ, ಗಂಡು ಸಿಗುವುದಿಲ್ಲ ನೋಡು ಎಂದು ಊರಿಂದ ಬಂದವರೆಲ್ಲ ಅಪ್ಪನ ಕಿವಿ ಕಚ್ಚುತ್ತಿದ್ದರು. ಅಪ್ಪ ಹೌದ್ರಿ ಹೌದ್ರಿ ಎಂದು ಅವರಿಗೆ ಚಹಾ ಕುಡಿಸಿ ಬಸ್ಸು ಹತ್ತಿಸಿ, ನನ್ನ ಕಾಲೇಜಿನ ಫೀ ಕಟ್ಟುತ್ತಿದ್ದ. ನಾನು ಏನು ಓದುತ್ತೇನೆ ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ತಿಳಿಸಿ ಹೇಳುವ ತಾಳ್ಮೆ ನನಗೂ ಇರಲಿಲ್ಲ. ಇದೊಂದು ನನಗೆ ಒಳಗೊಳಗೇ ಚುಚ್ಚುತ್ತಿತ್ತು.

ನಮಗೆ ಭೌತಶಾಸ್ತ್ರ ಕಲಿಸುತ್ತಿದ್ದ ಸರ್ ಕಾರವಾರದ ಕಡೆಯವರು. ಕಾಲೇಜಿನಲ್ಲಿ ನಕ್ಷತ್ರ ನೋಡುವವರ ಒಂದು ಸಣ್ಣ ಗುಂಪು ಕಟ್ಟಿದ್ದರು. ಆ ವರ್ಷ ಡಿಸೆಂಬರಿನಲ್ಲಿ ಒಂದು ಕ್ಷುದ್ರಗ್ರಹ ಒಂದು ನಕ್ಷತ್ರದ ಮುಂದೆ ಹಾದುಹೋಗಲಿದೆ, ಅದರ ನೆರಳು ಗೋವೆಯ ಮೇಲೆ ಬೀಳಲಿದೆ ಎಂದು ಅವರು ಹೇಳಿದರು. ಮಂಗಳ ಮತ್ತು ಗುರು ಗ್ರಹಗಳ ನಡುವೆ ಸೂರ್ಯನನ್ನು ಸುತ್ತುವ ಲಕ್ಷಾಂತರ ಬಂಡೆಗಳಲ್ಲಿ ಅದೂ ಒಂದು. ಅದಕ್ಕೊಂದು ಸಂಖ್ಯೆಯೂ ಒಂದು ಹೆಣ್ಣಿನ ಹೆಸರೂ ಇವೆ. ಇಲ್ಲಿ ಯಾರ ಹೆಸರನ್ನೂ ಬರೆಯಬಾರದೆಂದು ನಿರ್ಧರಿಸಿದ್ದೇನೆ, ಆದ್ದರಿಂದ ಅದರದ್ದೂ ಬೇಡ. ಕ್ಷುದ್ರ ಎಂದು ಕರೆದವರು ಅದರ ಗಾತ್ರ ನೋಡಿರಲಿಕ್ಕಿಲ್ಲ. ಒಂದು ತುದಿಯನ್ನು ಸಾವರ್ಡೆಯಲ್ಲಿ ಇಟ್ಟರೆ ಇನ್ನೊಂದು ತುದಿ ನಮ್ಮ ಬಾಗಲಕೋಟೆಯ ಹತ್ತಿರ ಬರುತ್ತದೆ. ಮೈತುಂಬ ಇಂಗಾಲ, ಇದ್ದಿಲಿನ ಬಣ್ಣ. ಬಿದ್ದ ಬೆಳಕನ್ನೆಲ್ಲ ಹೆಚ್ಚುಕಡಿಮೆ ನುಂಗಿಬಿಡುವುದರಿಂದ ಸಣ್ಣ ದುರ್ಬೀನಿಗೆ ಅದು ಕಾಣುವುದೇ ಇಲ್ಲ. ಅದಕ್ಕೊಂದು ಪುಟ್ಟ ಚಂದ್ರ ಇದೆಯೆಂದು ಕೆಲವೇ ವರ್ಷಗಳ ಹಿಂದೆ ಯಾವುದೋ ಬೆಟ್ಟದ ಮೇಲಿನ ದೊಡ್ಡ ದೂರದರ್ಶಕದಿಂದ ಕಂಡುಹಿಡಿದಿದ್ದರು.

ಕಾಣದ ಬಂಡೆಯನ್ನು ಅಳೆಯುವ ಉಪಾಯ ಬಹಳ ಸರಳ. ಅದು ನಕ್ಷತ್ರದ ಮುಂದೆ ಬಂದಾಗ ನಕ್ಷತ್ರ ತಟ್ಟನೆ ಆರುತ್ತದೆ, ಹತ್ತು ಹನ್ನೆರಡು ಸೆಕೆಂಡಿನ ಮೇಲೆ ತಟ್ಟನೆ ಹೊತ್ತಿಕೊಳ್ಳುತ್ತದೆ. ಬೇರೆ ಬೇರೆ ಊರಿನಲ್ಲಿ ನಿಂತವರು ಆ ಎರಡು ಕ್ಷಣಗಳನ್ನು ಬರೆದಿಟ್ಟರೆ, ಎಲ್ಲವನ್ನೂ ಕೂಡಿಸಿ ಬಂಡೆಯ ಆಕಾರ ಬಿಡಿಸಬಹುದು. ಅದೃಷ್ಟ ನೆಟ್ಟಗಿದ್ದವರಿಗೆ ಅದರ ಚಂದ್ರನೂ ನಕ್ಷತ್ರವನ್ನು ಮುಚ್ಚಿದ್ದು ಕಂಡೀತು ಎಂದು ಸರ್ ನಕ್ಕರು. ಗೋವೆಯ ಉತ್ತರ ತುದಿಯಿಂದ ದಕ್ಷಿಣದ ಕಾಣಕೋಣದವರೆಗೆ ಜನ ನಿಲ್ಲಿಸುವ ಯೋಜನೆ ಹಾಕಿದರು. ಕುಡಚಡೆಗೆ ಇಬ್ಬರು ಹುಡುಗರು, ಪಕ್ಕದ ಸಾವರ್ಡೆಗೆ ನಾನು. ನಾಲ್ಕಿಂಚಿನ ಒಂದು ದುರ್ಬೀನನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಮನೆಗೆ ತಂದೆ. ಕಂಡಕ್ಟರ್ ಅದಕ್ಕೂ ಟಿಕೆಟ್ ಕೇಳಿದ.

ನೋಡುವವಳು ನಾನೇ ಎಂದು ತೀರ್ಮಾನವಾಗಿತ್ತು. ಅದನ್ನು ಕೆಡಿಸಿದ್ದು ರೇಡಿಯೋ. ಸಮಯ ಕರಾರುವಾಕ್ಕಾಗಿರಬೇಕಲ್ಲ, ಅದಕ್ಕೆ ಶಾರ್ಟ್‌ವೇವಿನಲ್ಲಿ ಸೆಕೆಂಡಿಗೊಮ್ಮೆ ಟಿಕ್ ಎನ್ನುವ ಸಂಕೇತವನ್ನು ಹಾಕಿಟ್ಟು, ಪಕ್ಕದಲ್ಲಿ ಟೇಪ್ ರೆಕಾರ್ಡರ್ ಓಡಿಸಿ, ನಕ್ಷತ್ರ ಆರಿದಾಗೊಮ್ಮೆ ಹೊತ್ತಿದಾಗೊಮ್ಮೆ ಕೂಗಬೇಕು. ನಮ್ಮ ಮನೆಯ ರೇಡಿಯೋದ ಏರಿಯಲ್ ಮುರಿದು ವರ್ಷಗಳಾಗಿದ್ದವು. ತಂತಿಯ ತುದಿಯನ್ನು ಯಾರಾದರೂ ಕೈಯಲ್ಲಿ ಹಿಡಿದು ಕೈ ಎತ್ತಿ ನಿಂತರೆ ಮಾತ್ರ ಟಿಕ್ ಕೇಳುತ್ತಿತ್ತು. ಅವ್ವ ಹಿಡಿದರೆ ಸಿಲೋನೋ ಚೀನಾವೋ ಏನೋ ಬರುತ್ತಿತ್ತು. ಅಪ್ಪ ಹಿಡಿದರೆ ಬರೀ ಗರಗರ. ನಾನು ಹಿಡಿದರೆ ಮಾತ್ರ ಸ್ಪಷ್ಟ. ಇದಕ್ಕೆ ವಿಜ್ಞಾನದಲ್ಲಿ ಕಾರಣವಿದೆಯೋ ಇಲ್ಲವೋ, ಮನೆಯ ರೇಡಿಯೋಗೆ ನನ್ನ ಮೈ ಒಗ್ಗಿತ್ತು.

ಹಾಗಾಗಿ ಅಪ್ಪನನ್ನು ದುರ್ಬೀನಿಗೆ ಕೂರಿಸಿದೆ. ನಿಜ ಹೇಳಬೇಕೆಂದರೆ ಖುಷಿಯಿಂದಲೇ ಕೂರಿಸಿದೆ. ನನ್ನ ಓದಿನಲ್ಲಿ ಅವನ ಕೈಯಿಂದ ಒಂದು ಕೆಲಸವಾಗಲಿ ಎಂಬ ಆಸೆ. ಅಪ್ಪನಿಗೂ ಹಿಗ್ಗು. ಇಪ್ಪತ್ತು ವರ್ಷ ರಸ್ತೆ ನೋಡಿದ ಕಣ್ಣು, ರೆಪ್ಪೆ ಮಿಟುಕಿಸದೆ ತಾಸುಗಟ್ಟಲೆ ನೋಡುತ್ತದೆ ಎಂದು ಜಂಬ ಕೊಚ್ಚಿದ. ನಾಲ್ಕು ಸಂಜೆ ಟ್ರಕ್ ನಿಲ್ಲಿಸಿ ಬಂದು, ಕೈಕಾಲು ತೊಳೆದು, ಮಾಳಿಗೆಯ ಮೇಲೆ ನನ್ನಿಂದ ಪಾಠ ಹೇಳಿಸಿಕೊಂಡ. ಎಡಗಣ್ಣು ಮುಚ್ಚುವುದು, ಬಲಗಣ್ಣಿನಿಂದ ನೋಡುವುದು, ನಕ್ಷತ್ರ ಜಾರಿದಂತೆ ಪಕ್ಕದ ತಿರುಪನ್ನು ತುಸು ತುಸುವೇ ತಿರುಗಿಸುವುದು. ಆರಿದರೆ ‘ಹೋತು’, ಹೊತ್ತಿದರೆ ‘ಬಂತು’. ಇಷ್ಟೇ ಕೂಗು, ಬೇರೆ ಮಾತು ಆಡಬೇಡ ಎಂದು ಅಪ್ಪನನ್ನು ಗದರಿಸಿದ್ದೂ ನೆನಪಿದೆ.

ಆ ಸಂಜೆ ಎಂಟು ಗಂಟೆಯ ಹೊತ್ತಿಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಟ್ರಕ್ಕುಗಳು ನಿಂತು ಧೂಳೂ ಇಳಿದಿತ್ತು. ನಕ್ಷೆ ನೋಡಿ ನಕ್ಷತ್ರ ಹುಡುಕಿಕೊಟ್ಟು, ಟೇಪ್ ಹಾಕಿ, ನಾನು ತಂತಿ ಹಿಡಿದು ಕೈ ಎತ್ತಿ ನಿಂತೆ. ಕೈ ಜೋಮು ಹಿಡಿಯಿತು. ಇಳಿಸುವಂತಿಲ್ಲ, ಮಾತಾಡುವಂತಿಲ್ಲ, ನೋಡುವಂತೆಯೂ ಇಲ್ಲ. ಅಪ್ಪನ ಬೆನ್ನು ಮಾತ್ರ ಕಾಣುತ್ತಿತ್ತು. ಹೊತ್ತು ಹತ್ತಿರ ಬಂದಾಗ ಅಪ್ಪ ‘ಹೋತು’ ಎಂದ. ಎರಡು ಟಿಕ್ ಆದ ಮೇಲೆ ‘ಬಂತು’ ಎಂದ. ಮುಕ್ಕಾಲು ನಿಮಿಷದ ನಂತರ ಮತ್ತೆ ‘ಹೋತು’. ಈ ಸಲ ಹನ್ನೊಂದು ಟಿಕ್. ‘ಬಂತು.’

ಎರಡು ಸಲ ಆರಿದೆ. ಒಂದು ದೊಡ್ಡದು, ಒಂದು ಸಣ್ಣದು. ನಾನು ತಂತಿ ಬಿಟ್ಟು ಕುಣಿದೆ. ಅಪ್ಪನಿಗೆ ವಿವರಿಸಿದೆ, ನೀನು ನೋಡಿದ ಮೊದಲನೆಯದು ಆ ಬಂಡೆಯ ಚಂದ್ರ, ಜಗತ್ತಿನಲ್ಲಿ ಬೆರಳೆಣಿಕೆಯ ಜನ ಕಂಡದ್ದು ಎಂದು. ಅಪ್ಪ ನಾಚಿಕೊಂಡ. ಮರುದಿನ ಅದಿರು ತುಂಬುವ ಸಾಲಿನಲ್ಲಿ ನಿಂತ ಡ್ರೈವರ್‌ಗಳಿಗೆಲ್ಲ “ನಾ ಒಂದ್ ಚಂದ್ರಾಮನ್ನ ಹಿಡದೇನ್ರಿ” ಎಂದು ಹೇಳಿದನಂತೆ. ಇದನ್ನು ನಮಗೆ ಬಂದು ವರದಿ ಮಾಡಿದವನು ಪಕ್ಕದ ಖೋಲಿಯ ಕಾಕಾ. ಅವನೂ ಡ್ರೈವರ್, ಅಪ್ಪನ ಊರಿನವನೇ. ಇಬ್ಬರೂ ಒಂದೇ ಟೆಂಪೋದಲ್ಲಿ ಗೋವೆಗೆ ಬಂದವರು. ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಒಂದೇ ಕಪ್ಪಿನ ಚಹಾವನ್ನು ಬಸಿಯಲ್ಲಿ ಹಂಚಿಕೊಂಡು ಕುಡಿಯುವಷ್ಟು ಸಲಿಗೆ. ಕಾಕಾ ನಗುತ್ತಲೇ ಹೇಳಿದರೂ ಕೊನೆಗೆ ಒಂದು ಮಾತು ಸೇರಿಸಿದ. ಚಂದ್ರನನ್ನು ಹಿಡಿಯುವವನು ತಿಂಗಳಲ್ಲಿ ಎರಡು ಸಲ ಟ್ರಕ್ಕಿನ ಎಡಗನ್ನಡಿ ಒಡೆದುಕೊಂಡಿದ್ದಾನೆ, ಸ್ವಲ್ಪ ಕೆಳಗೂ ನೋಡಲಿ ಎಂದ. ನನಗೆ ಅವನ ಮೇಲೆ ಸಿಟ್ಟು ಬಂತು.

ಮುಂದಿನ ಭಾನುವಾರ ಸರ್ ಮನೆಯಲ್ಲಿ ಎಲ್ಲರೂ ನಮ್ಮ ನಮ್ಮ ಟೇಪ್ ತಂದು ಕೂಡಿದೆವು. ಅಪ್ಪನ ಹನ್ನೊಂದು ಸೆಕೆಂಡು, ಸರ್ ಕಾಗದದ ಮೇಲೆ ಎಳೆದ ಉಳಿದವರ ಗೆರೆಗಳ ನಡುವೆ ಸರಿಯಾಗಿ ಕೂತಿತು. ಸರ್ ಭೇಷ್ ಎಂದರು. ಆದರೆ ಮೊದಲನೆಯದರ ಬಗ್ಗೆ ಅವರು ತಲೆ ಆಡಿಸಿದರು. ಆ ಚಂದ್ರ ಬಹಳ ಸಣ್ಣದು, ನಕ್ಷತ್ರವನ್ನು ಮುಚ್ಚಿದರೂ ಒಂದು ಸೆಕೆಂಡು ತುಂಬುವುದಿಲ್ಲ, ಎರಡು ಸೆಕೆಂಡು ಮುಚ್ಚಬೇಕಾದರೆ ಅದಕ್ಕಿಂತ ಬಹಳ ದೊಡ್ಡದಿರಬೇಕು ಎಂದರು. ಅಷ್ಟು ದೊಡ್ಡದಾಗಿದ್ದರೆ ಕುಡಚಡೆಯ ಹುಡುಗರಿಗೂ ಕಾಣಬೇಕಿತ್ತು, ಅವರು ನಿಂತದ್ದು ನಮ್ಮಿಂದ ನಾಲ್ಕೈದು ಕಿಲೋಮೀಟರಿನ ಒಳಗೆ. ಇದು ನನಗೆ ಗೊತ್ತಿಲ್ಲದ ಲೆಕ್ಕವಲ್ಲ. ಬೇಡವೆಂದು ಮಾಡಿರಲಿಲ್ಲ, ಅಷ್ಟೆ. ನಾನು ವಾದಕ್ಕಿಳಿದೆ. ನಮ್ಮಪ್ಪ ಡ್ರೈವರ್ ಎಂದು ನೀವು ನಂಬುತ್ತಿಲ್ಲ ಎಂದೂ ಅಂದುಬಿಟ್ಟೆ. ಅವರು ಬೇಸರ ಮಾಡಿಕೊಳ್ಳದೆ ಟೇಪನ್ನು ಮೊದಲಿನಿಂದ ಹಾಕಿದರು.

ಮೊದಲಿನಿಂದ ನಾನು ಕೇಳಿರಲೇ ಇಲ್ಲ. ಮನೆಯಲ್ಲಿ ಇಪ್ಪತ್ತು ಸಲ ಹಾಕಿದ್ದರೂ ಆ ಎರಡು ನಿಮಿಷವನ್ನಷ್ಟೇ ತಿರುಗಿಸಿ ತಿರುಗಿಸಿ ಕೇಳಿದ್ದೆ. ಈಗ ಟಿಕ್ ಟಿಕ್ ನಡುವೆ ಅಪ್ಪನ ದನಿ, ಕೂಗಿದ್ದಲ್ಲ, ತನ್ನಷ್ಟಕ್ಕೆ ಅಂದುಕೊಂಡದ್ದು, ತಂತಿಯ ತುದಿಯಲ್ಲಿ ನಿಂತ ನನಗೆ ಆಗ ಕೇಳಿರದಿದ್ದದ್ದು: “ಹೋತು... ಇಲ್ಲ, ಐತಿ.” ಸ್ವಲ್ಪ ಹೊತ್ತಿಗೆ ಮತ್ತೆ. ಮತ್ತೆ ಇನ್ನೊಮ್ಮೆ. ನಕ್ಷತ್ರದ ಹತ್ತಿರ ಯಾವ ಬಂಡೆಯೂ ಇರದಿದ್ದ ಹೊತ್ತದು. ಐದನೆಯ ಸಲಕ್ಕೆ ಸರ್ ಟೇಪ್ ನಿಲ್ಲಿಸಿದರು. ದಣಿದ ಕಣ್ಣಿಗೆ ಒಮ್ಮೊಮ್ಮೆ ಹೀಗಾಗುವುದುಂಟು, ಇಷ್ಟೊಂದು ಸಲ ಆಗುವುದಿಲ್ಲ ಎಂದರು. ಅಪ್ಪ ಏನು ಓಡಿಸುತ್ತಾರೆ ಎಂದು ಕೇಳಿದರು. ಅದಿರಿನ ಟ್ರಕ್ ಎಂದೆ. ಅವರು ಕಿಟಕಿಯ ಕಡೆ ನೋಡಿ ಮೆಲ್ಲಗೆ, “ನಾಳೆನೇ ಕಣ್ಣು ತೋರ್ಸಿ. ಚಂದ್ರನ ಮಾತು ಆಮೇಲೆ,” ಎಂದರು.

ಮನೆಗೆ ಬಂದು ಹೇಳಿದರೆ ಅಪ್ಪ ನಕ್ಕ. ನಿಮ್ಮ ಮಾಸ್ತರು ನಂಬದಿದ್ದರೆ ಬಿಡಲಿ ಎಂದ. ಅವನನ್ನು ಬಲವಂತವಾಗಿ ಎದುರಿಗೆ ಕೂರಿಸಿ, ಎಡಗಣ್ಣು ಮುಚ್ಚಿಸಿ, ನನ್ನ ಮೂಗನ್ನೇ ನೋಡು, ಎಷ್ಟು ಬೆರಳು ಹೇಳು ಎಂದೆ. ಬೆರಳು ಅವನ ಬಲಕ್ಕೆ ಹಿಡಿದಾಗ ಸರಿಯಾಗಿ ಹೇಳಿದ. ಎಡಕ್ಕೆ ಹಿಡಿದಾಗ ಎರಡು ಎಂದ. ನಾನು ಬೆರಳು ಎತ್ತಿರಲೇ ಇಲ್ಲ, ಮುಷ್ಟಿ ಹಿಡಿದಿದ್ದೆ. ಅವ್ವ ಒಲೆಯ ಹತ್ತಿರದಿಂದ ಎಲ್ಲ ನೋಡುತ್ತಿದ್ದಳು. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ಅಪ್ಪ ಬಸಿಗೆ ಸುರಿಯಬೇಕಾದ ಚಹಾ ಎಷ್ಟೋ ದಿನದಿಂದ ಕಟ್ಟೆಗೆ ಬೀಳುತ್ತಿತ್ತು, ಅದಕ್ಕೂ ನಾವು ಬೈದಿದ್ದೆವು.

ಮಡಗಾಂವ್‌ನ ಕಣ್ಣಿನ ಡಾಕ್ಟರ ಹತ್ತಿರ ಒಂದು ದೊಡ್ಡ ಬೋಗುಣಿಯಂಥ ಯಂತ್ರವಿತ್ತು. ಅದರೊಳಗೆ ಮುಖವಿಟ್ಟು, ಎಲ್ಲಾದರೂ ಬೆಳಕಿನ ಚುಕ್ಕಿ ಕಂಡರೆ ಕೈಯಲ್ಲಿನ ಗುಂಡಿ ಒತ್ತಬೇಕು. ಅಪ್ಪ ಟಕ್ ಟಕ್ ಎಂದು ಒತ್ತುತ್ತಲೇ ಇದ್ದ. ಹೊರಗೆ ಬೆಂಚಿನ ಮೇಲೆ ಕೂತ ನನಗೆ ಜೀವ ಬಂದ ಹಾಗಾಯಿತು. ಏನೂ ಆಗಿಲ್ಲ, ಎಲ್ಲ ಚುಕ್ಕಿಯೂ ಕಾಣುತ್ತಿವೆ ಎಂದುಕೊಂಡೆ. ಮುಗಿದ ಮೇಲೆ ಡಾಕ್ಟರು ಕಾಗದ ಹಿಡಿದು, ಇವರು ಚುಕ್ಕಿ ನೋಡಿ ಒತ್ತುತ್ತಿಲ್ಲ ಎಂದರು. ಯಂತ್ರ ಪ್ರತಿ ಸಲ ಸಣ್ಣಗೆ ಸದ್ದು ಮಾಡುತ್ತದಂತೆ. ಅಪ್ಪ ಆ ಸದ್ದು ಕೇಳಿ ಒತ್ತಿದ್ದ. ಎಂಜಿನ್ನಿನ ಸದ್ದಿನಿಂದಲೇ ಗೇರು ಬದಲಿಸುವವನಿಗೆ ಇದೇನು ಮಹಾ ಕಷ್ಟ. ಆದರೆ ಯಂತ್ರ ಆಗಾಗ ಬರೀ ಸದ್ದು ಮಾಡಿ ಚುಕ್ಕಿ ತೋರಿಸದೆಯೂ ಇರುತ್ತದೆ, ಆಗಲೂ ಇವರು ಒತ್ತಿದ್ದಾರೆ ಎಂದರು ಡಾಕ್ಟರು. ಅಪ್ಪ ಸಿಕ್ಕಿಬಿದ್ದ ಶಾಲೆಯ ಹುಡುಗನ ಹಾಗೆ ಚಪ್ಪಲಿ ನೋಡುತ್ತ ನಿಂತ. ನನಗೆ ಅಳು ಬಂದದ್ದು ಅಲ್ಲೇ, ರೋಗದ ಹೆಸರು ಕೇಳುವ ಮೊದಲೇ.

ಎರಡನೆಯ ಸಲ ಸರಿಯಾಗಿ ಮಾಡಿಸಿದರು. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗುತ್ತ ಬಂದಿದೆ, ಗ್ಲಾಕೋಮಾ, ಅಂದರೆ ಕಾಲಾ ಮೋತಿಯಾ, ಬಲಗಣ್ಣು ಹೆಚ್ಚು ಭಾಗ ಹೋಗಿದೆ, ಎಡಗಣ್ಣು ಅರ್ಧ. ಹೋದದ್ದು ಯಾವ ಔಷಧಕ್ಕೂ ಬರುವುದಿಲ್ಲ. ಇದ್ದದ್ದನ್ನು ಹಿಡಿದಿಡಲು ಹನಿ ಹಾಕಬೇಕು. ಗಾಡಿ ಮುಟ್ಟಕೂಡದು. ಇಷ್ಟು ದಿನ ತಿಳಿಯಲಿಲ್ಲವೇ ಎಂದು ನಾನು ಕೇಳಿದಾಗ, ತಿಳಿಯುವುದಿಲ್ಲ ಎಂದರು. ಕಣ್ಣಿಗೆ ಕಾಣದ ಜಾಗ ಕಪ್ಪಾಗಿ ತೋರುವುದಿಲ್ಲ, ಸುತ್ತ ಏನಿದೆಯೋ ಅದರಿಂದಲೇ ಮಿದುಳು ಆ ಜಾಗ ತುಂಬಿಬಿಡುತ್ತದೆ. ಸುತ್ತ ಆಕಾಶವಿದ್ದರೆ ಅಲ್ಲೂ ಆಕಾಶ. ಸುತ್ತ ರಸ್ತೆಯಿದ್ದರೆ ಅಲ್ಲೂ ರಸ್ತೆ.

ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಕೂತ. ಸುಮಾರು ದೂರ ಬಂದ ಮೇಲೆ, ಮೇ ತಿಂಗಳಲ್ಲಿ ಮಳೆಗಾಲದ ಮೊದಲು ಗಣಿ ನಿಲ್ಲುತ್ತದಲ್ಲ, ಈ ಒಂದು ಸೀಸನ್ ಮುಗಿಸಿಬಿಡುತ್ತೇನೆ, ನಿನ್ನ ಪರೀಕ್ಷೆಯೂ ಆಗಿರುತ್ತದೆ ಎಂದ. ಆಗ ನಾನು ಕೇಳಬಾರದಿತ್ತೇನೋ, ಕೇಳಿದೆ.

“ಅಪ್ಪಾ, ರೋಡಿನ್ಯಾಗ ಹೆಂಗ ಕಾಣತೈತಿ ನಿನಗ?”

ಅವನು ಮುಚ್ಚಿಡಲಿಲ್ಲ. “ಮಂದಿನೂ ಆ ಮುಗಿಲಿನ ಚಿಕ್ಕಿ ಹಂಗ, ಅವ್ವಿ. ಹೋಗ್ತಾರ, ಮತ್ತ ಬರ್ತಾರ. ಬರೂತನಕಾ ಬ್ರೇಕ್ ಮ್ಯಾಲ ಕಾಲ ಇಟ್ಟಿರ್ತೇನಿ.”

ಆ ರಸ್ತೆ ದಾಟಿಯೇ ನಾನು ಹತ್ತು ವರ್ಷ ಶಾಲೆಗೆ ಹೋಗಿದ್ದೆ. ಈಗಲೂ ಬೆಳಿಗ್ಗೆ ಯೂನಿಫಾರ್ಮಿನ ಮಕ್ಕಳು ಟ್ರಕ್ಕುಗಳ ನಡುವೆ ಕೈ ಕೈ ಹಿಡಿದು ದಾಟುತ್ತಿದ್ದರು. ಅಪ್ಪ ಸುಳ್ಳುಗಾರನಲ್ಲ, ಕೆಟ್ಟವನಲ್ಲ. ಟ್ರಕ್ ಬಿಟ್ಟರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಮನೆಯಲ್ಲಿ ಅವ್ವ ಅತ್ತಳು, ಕೈ ಮುಗಿದಳು. ನಾನು ಕಾಲೇಜು ಬಿಡುತ್ತೇನೆ, ಅಂಗಡಿಯಲ್ಲಿ ಕೆಲಸ ಹಿಡಿಯುತ್ತೇನೆ ಎಂದೆ. ಅದೊಂದು ಮಾತಿಗೆ ಮಾತ್ರ ಅಪ್ಪನಿಗೆ ಸಿಟ್ಟು ಬಂತು. ಅದೇ ಕಾರಣಕ್ಕೆ ತಾನು ಓಡಿಸುತ್ತಿರುವುದು ಎಂದ. ಮರುದಿನ ಬೆಳಿಗ್ಗೆ ಕಣ್ಣಿಗೆ ಹನಿ ಹಾಕಿಸಿಕೊಂಡು ಟ್ರಕ್ ಹತ್ತಿದ. ನಾನೇ ಹನಿ ಹಾಕಿದ್ದು.

ಅವನು ಹೊರಟ ಮೇಲೆ ನಾನು ಕುಡಚಡೆಯಲ್ಲಿದ್ದ ಟ್ರಕ್ಕಿನ ಮಾಲಕರ ಮನೆಗೆ ಹೋದೆ. ಅವರ ಅಂಗಳದಲ್ಲಿ ನಿಂತು ಕೊಂಕಣಿಯಲ್ಲಿ ಎಲ್ಲ ಹೇಳಿದೆ. ಡಾಕ್ಟರ ಕಾಗದ ತೋರಿಸಿದೆ. ನಾನು ಹೇಳಿದ್ದೆಂದು ಅಪ್ಪನಿಗೆ ತಿಳಿಸಬೇಡಿ ಎಂದು ಬೇಡಿಕೊಂಡೆ. ಅವರು ಒಳ್ಳೆಯವರು, ಒಪ್ಪಿದರು. ಗೇಟಿನಿಂದ ಹೊರಗೆ ಬರುವಾಗ ಕಾಕಾನ ಟ್ರಕ್ ಎದುರಿನಿಂದ ಹಾದುಹೋಯಿತು. ಕಾಕಾ ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಮಧ್ಯಾಹ್ನಕ್ಕೆ ಅಪ್ಪ ನಡೆದುಕೊಂಡು ಮನೆಗೆ ಬಂದ. ಕೈಯಲ್ಲಿ ಟ್ರಕ್ಕಿನಲ್ಲಿ ಇಡುತ್ತಿದ್ದ ದೇವರ ಫೋಟೋ ಮತ್ತು ಒಂದು ಟವೆಲ್. ಮಾಲಕರು ಸಾಲಿನಲ್ಲಿ ನಿಂತ ಎಲ್ಲರೆದುರಿಗೆ ಕೀ ಇಸಿದುಕೊಂಡಿದ್ದರು. ಸಂಜೆಯವರೆಗೂ ಕಟ್ಟೆಯ ಮೇಲೆ ಕೂತೇ ಇದ್ದ. ಯಾರು ಚಾಡಿ ಹೇಳಿದರು ಎಂಬುದೊಂದೇ ಅವನ ತಲೆಯಲ್ಲಿ ಕೊರೆಯುತ್ತಿತ್ತು. ಅವ್ವನನ್ನು ಕೇಳಿದ. ನನ್ನನ್ನು ಕೇಳಲಿಲ್ಲ. ನನ್ನ ಮೇಲೆ ಅನುಮಾನ ಅವನ ಮನಸ್ಸಿನ ಹತ್ತಿರಕ್ಕೂ ಸುಳಿದಿರಲಿಲ್ಲ.

ಕೆಲಸ ಮುಗಿಸಿ ಕಾಕಾ ಎಂದಿನಂತೆ ಕಟ್ಟೆಗೆ ಬಂದ. ನಾನು ಚಹಾ ಹಿಡಿದು ಬಾಗಿಲಲ್ಲಿದ್ದೆ. ಅಪ್ಪ ನೇರವಾಗಿ ಕೇಳಿದ.

“ಕನ್ನಡಿ ಒಡದಾಗಿಂದ ನೀನ ಹೇಳಾಕತ್ತಿದ್ದಿ, ಕಣ್ಣ ನೋಡ್ಕೊ ಕಣ್ಣ ನೋಡ್ಕೊ ಅಂತ. ಮಾಲಕಗ ಹೇಳ್ದಾಂವ ನೀನ ಏನು?”

ಕಾಕಾ ನನ್ನ ಕಡೆ ನೋಡಿದ. ನಾನು ಬಾಯಿ ತೆರೆಯಬೇಕಿತ್ತು. ನಾನಪ್ಪಾ, ನಾನೇ ಎನ್ನಲು ಎಷ್ಟು ಹೊತ್ತು ಬೇಕು? ನಾನು ಕಪ್ಪು ಬಸಿಯನ್ನು ಇಬ್ಬರ ನಡುವೆ ಕಟ್ಟೆಯ ಮೇಲೆ ಇಟ್ಟೆ.

“ಹೌದು,” ಎಂದ ಕಾಕಾ. “ನಾನ ಹೇಳೇನಿ.”

ಅಪ್ಪ ಬೈಯಲಿಲ್ಲ. ಇನ್ನು ಮೇಲೆ ನನ್ನ ಕಟ್ಟೆ ಹತ್ತಬೇಡ ಎಂದು ಸಣ್ಣ ದನಿಯಲ್ಲಿ ಹೇಳಿದ. ಕಾಕಾ ಟವೆಲ್ ಹೆಗಲಿಗೆ ಹಾಕಿಕೊಂಡು ಇಳಿದುಹೋದ. ಮರುದಿನ ನಲ್ಲಿಯ ಹತ್ತಿರ ಅವನನ್ನು ಹಿಡಿದು ನಿಲ್ಲಿಸಿ, ನಾನು ನಿಜ ಹೇಳಿಬಿಡುತ್ತೇನೆ ಎಂದೆ. ಅವನು ಕೊಡ ತುಂಬಿಸುತ್ತಲೇ, “ಬ್ಯಾಡವ್ವಾ. ನಿನ್ನ ಮ್ಯಾಲ ಸಿಟ್ಟಾದ್ರ ಆಂವ ನಾಳಿಗೆ ಯಾರ ಕೈ ಹಿಡ್ಕೊಂಡ ನಡೀಬೇಕು?” ಎಂದ. ಆ ಹೊತ್ತಿಗೆ ನನಗೆ ಅವನ ಮಾತು ಅನುಕೂಲವಾಗಿತ್ತು.

ಅಪ್ಪನೂ ಕಾಕಾನೂ ಮತ್ತೆ ಮಾತಾಡಲಿಲ್ಲ. ಗಣಿಗಳು ಮುಚ್ಚಿದ ವರ್ಷ ಕಾಕಾ ಸಾಮಾನು ಕಟ್ಟಿಕೊಂಡು ಊರಿಗೆ ಹೊರಟಾಗ, ಹೋಗಿ ಬರುತ್ತೇನೆ ಎಂದು ನಮ್ಮ ಬಾಗಿಲಲ್ಲಿ ಬಂದು ನಿಂತ. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿ ಕೂತ. ಅಷ್ಟು ಹೊತ್ತಿಗೆ ಅವನಿಗೆ ಗೋಡೆಯೂ ಬಾಗಿಲೂ ಹೆಚ್ಚುಕಡಿಮೆ ಒಂದೇ ಆಗಿದ್ದವು. ಎರಡು ವರ್ಷದ ನಂತರ ಕಾಕಾ ತೀರಿಕೊಂಡ ಸುದ್ದಿ ಬಂತು. ಅಪ್ಪ ಆ ದಿನ ಉಣ್ಣಲಿಲ್ಲ, ಆದರೆ ಮಣ್ಣಿಗೂ ಹೋಗಲಿಲ್ಲ.

ನಾನು ಓದು ಮುಗಿಸಿದೆ, ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಅಪ್ಪನಿಗೆ ಈಗ ಬೆಳಕು ಕತ್ತಲೆ ತಿಳಿಯುತ್ತದೆ, ಹೆಚ್ಚಿಲ್ಲ. ದಿನಾ ಬೆಳಿಗ್ಗೆ ಪೇಪರ್ ಓದಿ ಹೇಳುತ್ತೇನೆ. ನಾನು ಏನಾದರೂ ಬರೆದರೆ ಅದನ್ನೂ ಓದಿಸಿ ಕೇಳುತ್ತಾನೆ, ಒಂದು ಸಾಲು ಬಿಟ್ಟರೂ ಗೊತ್ತಾಗಿಬಿಡುತ್ತದೆ. ಆ ಬಂಡೆಯ ಬಗ್ಗೆ, ಅದರ ಚಂದ್ರನ ಬಗ್ಗೆ ಬರೆಯುತ್ತಿದ್ದೇನೆ ಎಂದು ಹೇಳಿದ್ದೇನೆ, ಕಾಕಾನ ಬಗ್ಗೆ ಹೇಳಿಲ್ಲ. ನನ್ನನ್ನೂ ಹಾಕು ಎಂದು ನಕ್ಕಿದ್ದಾನೆ. ಬರೆದದ್ದು ಮುಗಿಯಿತೇ ಎಂದು ನಿನ್ನೆಯೂ ಕೇಳಿದ, ಇಲ್ಲ ಎಂದೆ.